ಗೋಡೆಯ ಮೇಲಿನ ಮೇಡಂ

ಯಾವುದಾದರೂ ಕೆಲಸ ಆಗುವುದಿಲ್ಲ ಎಂದು ಯಾರಾದರೂ ಹೇಳಿಬಿಟ್ಟರೆ ಅದನ್ನು ಮಾಡಿಯೇ ತೀರಬೇಕೆಂಬ ಹಟ ನನ್ನ ನೆತ್ತಿಗೇರುತ್ತದೆ. ಇದನ್ನು ನಮ್ಮ ಮನೆಯವರು ಮೊಂಡುತನ ಎನ್ನುತ್ತಾರೆ, ನಾನು ಸಂಕಲ್ಪ ಎನ್ನುತ್ತೇನೆ. ಇಂಥದೇ ಸಂಕಲ್ಪದಿಂದ ಒಮ್ಮೆ, ಮೋಡವಿದ್ದ ದಿನವೇ ಹಪ್ಪಳ ಮಾಡಿ ಹಳೇ ಸೀರೆಯ ಮೇಲೆ ಒಣಹಾಕಿದ್ದೆ. ಅವು ಸೀರೆಗೆ ಅಂಟಿಕೊಂಡವು. ಕಿತ್ತು ಕರಿದಾಗ ಸೀರೆಯ ಹೂಬಳ್ಳಿಯೆಲ್ಲ ಹಪ್ಪಳದ ಮೇಲೆ ಮೂಡಿತ್ತು. ಆದರೂ ತಿಂದೆವು. ಹಟದ ವಿಷಯದಲ್ಲಿ ನಾನು ಎಂಥವಳೆಂದು ಮೊದಲೇ ತಿಳಿದಿರಲಿ ಎಂದು ಇದನ್ನು ಹೇಳಿದೆ.

ಹೊಳೆನರಸೀಪುರದಿಂದ ದಿನಾ ಬಸ್ಸು ಹಿಡಿದು ಹಳ್ಳಿಮೈಸೂರಿನ ಆಚೆಯ ಒಂದು ಊರಿಗೆ ಹೋಗಿ ಅಲ್ಲಿನ ಗ್ರಂಥಾಲಯದ ಬಾಗಿಲು ತೆಗೆಯುವುದು ನನ್ನ ಕೆಲಸ. ಬೆಳಿಗ್ಗೆ ಪೇಪರು ಓದುವ ಹಿರಿಯರು ಬರುತ್ತಾರೆ. ಶಾಲೆ ಬಿಟ್ಟ ಮೇಲೆ ಪುಟ್ಟ ಮಕ್ಕಳು ಬಂದು ಚಿತ್ರದ ಪುಸ್ತಕಗಳಿಗೆ ಮುತ್ತಿಕೊಳ್ಳುತ್ತಾರೆ. ಒಂದು ಸಂಜೆ ಕನ್ನಡಕ ಏರಿಸಿಕೊಂಡು ಒಂದು ಪುಸ್ತಕವನ್ನು ಎತ್ತಿ ಹಿಡಿದು, "ಇದನ್ನ ಬರೆದೋರು ಯಾರು ಹೇಳಿ" ಎಂದೆ. "ಸರ್ಕಾರ ಮಿಸ್" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಪಾಪ, ಅವರ ತಪ್ಪೇನು? ಸಮವಸ್ತ್ರ, ಹಾಲು, ಮೊಟ್ಟೆ ಎಲ್ಲವೂ ಅಲ್ಲಿಂದಲೇ ಬರುವಾಗ ಕಥೆಯೊಂದು ಬೇರೆ ಎಲ್ಲಿಂದ ಬರಬೇಕು. ಆದರೆ ಪಕ್ಕದ ಬೀದಿಯ ಪುಟ್ಟತಾಯಮ್ಮನ ಮೊಮ್ಮಗಳು, ಎರಡನೇ ಕ್ಲಾಸಿನ ಸಿಂಚನ ಮಾತ್ರ ಗೋಡೆಯ ಕಡೆ ಬೆರಳು ತೋರಿಸಿ, "ಬರೆಯೋರೆಲ್ಲಾ ಅವ್ರು ಮಿಸ್. ಸತ್ತೋಗವ್ರೆ" ಎಂದಳು. ಹಿರಿಯ ಸಾಹಿತಿಗಳ ಭಾವಚಿತ್ರಗಳು ಅಲ್ಲಿ ಸಾಲಾಗಿವೆ. ನೋಡಿದರೆ ಒಬ್ಬರೂ ಬದುಕಿಲ್ಲ.

ಈ ಸಿಂಚನ ಸೀಮೆಸುಣ್ಣದ ಚೂರು ಸಿಕ್ಕರೆ ನಮ್ಮ ಮೆಟ್ಟಿಲ ತುಂಬ ಕೋಳಿ, ಟ್ರ್ಯಾಕ್ಟರು ಬಿಡಿಸುವವಳು. ಚಿತ್ರಕ್ಕೆ ತಕ್ಕ ಕಥೆಯನ್ನೂ ಕಟ್ಟುತ್ತಾಳೆ. "ದೊಡ್ಡವಳಾದ ಮೇಲೆ ನೀನೂ ಪುಸ್ತಕ ಮಾಡು ಕಣೇ" ಎಂದೆ. ಅವಳು ಗೋಡೆಯನ್ನೊಮ್ಮೆ ನೋಡಿ, "ಬ್ಯಾಡ ಮಿಸ್. ನಾನು ಸಾಯಕ್ಕಿಲ್ಲ" ಎಂದಳು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಈ ಹುಡುಗಿಗೆ ಜೀವಂತ ಲೇಖಕರೊಬ್ಬರನ್ನು ತೋರಿಸಲೇಬೇಕು ಎಂದು ನಿರ್ಧರಿಸಿದೆ.

ಮಕ್ಕಳಿಗೆ ಬಲು ಇಷ್ಟವಾದ ಪುಸ್ತಕದಲ್ಲಿ ಒಂದು ಎಮ್ಮೆಯಿದೆ. ಉಳಿದ ಎಮ್ಮೆಗಳೆಲ್ಲ ಕೆರೆಗಿಳಿದರೂ ಅದೊಂದು ದಡದಲ್ಲೇ ನಿಂತುಬಿಡುತ್ತದೆ. ಯಾಕೆ ಎಂದು ಕೊನೆಯ ಪುಟದಲ್ಲೂ ಹೇಳಿಲ್ಲ. ಮಕ್ಕಳಿಗೆ ಅದೇ ಸಿಟ್ಟು. ಅದನ್ನು ಬರೆದು ಚಿತ್ರ ಬಿಡಿಸಿದವರು ಚನ್ನರಾಯಪಟ್ಟಣದಲ್ಲೇ ಇದ್ದಾರೆಂದು ತಿಳಿಯಿತು. ಅವರ ಹೆಸರು ಬೇಡ, ಮೇಡಂ ಎಂದರೆ ಸಾಕು. ನಾನು ಅವರಿಗೆ ಮಾಡಿದ್ದನ್ನು ಕೇಳಿದ ಮೇಲೆ ನೀವೂ ಒಪ್ಪುತ್ತೀರಿ. "ಅಷ್ಟು ದೂರದಿಂದ ಈ ಹಟ್ಟಿಗೆ ಯಾರ್ ಬತ್ತಾರೆ ಬುಡಿ" ಎಂದು ಪೇಪರು ಓದುವ ಹಿರಿಯರೊಬ್ಬರು ಹೇಳಿದರು. ಹೇಳಬಾರದಿತ್ತು. ಅಂದೇ ಫೋನು ಮಾಡಿ ಮೇಡಂರನ್ನು ಒಪ್ಪಿಸಿದೆ. ಮಕ್ಕಳನ್ನು ಕೂರಿಸಿಕೊಂಡು ದಿನವೂ ಅವರ ಪುಸ್ತಕ ಓದಿಸಿದೆ, ಎಮ್ಮೆಯ ನಡಿಗೆ ನಡೆಸಿದೆ, ಹಳೇ ಮದುವೆ ಕಾಗದಗಳಲ್ಲಿ ಎಮ್ಮೆಯ ಮುಖವಾಡ ಮಾಡಿಸಿದೆ. ಕಾಗದದ ಮೇಲಿನ ಚಿನ್ನದ ಬಣ್ಣದ ಗಣಪತಿ ಹಣೆಗೆ ಬಂದ ಎಮ್ಮೆಗಳು ಬಲು ಲಕ್ಷಣವಾಗಿದ್ದವು.

ಮಕ್ಕಳಿಗೆ ಮುಖ ಪರಿಚಯವಿರಲಿ ಎಂದು ಹೊಳೆನರಸೀಪುರದ ಸ್ಟುಡಿಯೋದಲ್ಲಿ ಮೇಡಂ ಕಳಿಸಿದ ಫೋಟೋಗೆ ಕಟ್ಟು ಹಾಕಿಸಲು ಹೋದೆ. ಸ್ಟುಡಿಯೋದವನು ಫೋಟೋ ನೋಡಿ ದನಿ ತಗ್ಗಿಸಿ, "ಯಾವತ್ತು ಹೋದ್ರು ಇವ್ರು?" ಎಂದ.

"ಹೋಗಿಲ್ಲಪ್ಪ, ಶನಿವಾರ ಬರ್ತಾರೆ."

ಅವನಿಗೇನು ಅರ್ಥವಾಯಿತೋ, "ಜನನ ಮರಣ ಕೆಳಗೆ ಹಾಕ್ಲಾ?" ಎಂದ. ಎರಡೂ ಬೇಡವೆಂದೆ. ತಿಥಿಯ ಫೋಟೋಗೆ ಕೊಡುವ ಗಂಧದ ಚಕ್ಕೆಯ ಹಾರವನ್ನು ಪುಕ್ಕಟೆ ಕೊಡಲು ಬಂದಾಗ ರೇಗಿಯೂಬಿಟ್ಟೆ. ಅಷ್ಟು ತಿಳಿದವಳು ನಾನು. ಆದರೆ ಫೋಟೋ ತಂದು ಹಾಕಿದ್ದೆಲ್ಲಿ? ಹಿರಿಯರ ಸಾಲಿನ ಕೊನೆಯಲ್ಲಿ ಮೊಳೆಯೊಂದು ಖಾಲಿಯಿತ್ತು, ಅಲ್ಲೇ ತೂಗುಹಾಕಿದೆ.

ಮರುದಿನ ಶುಕ್ರವಾರ. ವಾರವಾರ ಭಾವಚಿತ್ರಗಳನ್ನು ಒರೆಸಿ, ಕುಂಕುಮವಿಟ್ಟು, ಚೆಂಡು ಹೂವಿನ ಸರ ಹಾಕಿ, ಊದುಬತ್ತಿ ಹಚ್ಚುವುದು ನನ್ನ ಪದ್ಧತಿ. ನಾನು ದೇವಸ್ಥಾನದ ಬೀದಿಯಲ್ಲಿ ಬೆಳೆದವಳು. ಸಂತರ್ಪಣೆಯ ಪಂಕ್ತಿಯಲ್ಲಿ ಬಡಿಸಿ ಬಡಿಸಿ, ಸಾಲಿನಲ್ಲಿರುವ ಯಾರನ್ನೂ ಬಿಡಬಾರದೆಂಬುದು ಈ ಕೈಗೆ ಅಂಟಿಹೋಗಿದೆ. ಕೈ ಒಂದು ತುದಿಯಿಂದ ಹೊರಟಿತು, ಇನ್ನೊಂದು ತುದಿ ಮುಟ್ಟಿಯೇ ನಿಂತಿತು. ತಲೆಯನ್ನು ಒಂದು ಮಾತು ಕೇಳಲಿಲ್ಲ. ಸಂಜೆ ಮಕ್ಕಳು ಬಂದು ಗೋಡೆ ನೋಡಿದರು. ಸಿಂಚನ ಕೈಮುಗಿದಳು. ಎಂಥ ಗುರುಭಕ್ತಿ ಎಂದು ನಾನು ಹಿಗ್ಗಿದೆ.

ಶನಿವಾರ ಎಮ್ಮೆಗಳೆಲ್ಲ ಮುಖವಾಡ ಕಟ್ಟಿಕೊಂಡು ಸಾಲಾಗಿ ಕೂತಿದ್ದವು. ಮೇಡಂ ಬಸ್ಸಿಳಿದು, ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ಎಮ್ಮೆಗಳು ಬಾಗಿಲನ್ನು ನೋಡಿದವು, ಗೋಡೆಯನ್ನು ನೋಡಿದವು, ಮತ್ತೆ ಬಾಗಿಲನ್ನು ನೋಡಿದವು. ಆಮೇಲೆ ಇಡೀ ಮಂದೆ ಹಿಂದಿನ ಬಾಗಿಲಿನಿಂದ ಕಿತ್ತುಕೊಂಡು ಓಡಿತು.

ನನಗೆ ಏನೊಂದೂ ಅರ್ಥವಾಗಲಿಲ್ಲ. ಮೇಡಂಗೆ ನೀರು ಕೊಡುತ್ತಿದ್ದಾಗ ಪುಟ್ಟತಾಯಮ್ಮ ಏದುಸಿರು ಬಿಡುತ್ತ ಬಂದರು. "ಏನವ್ವಾ ಇದು, ನಮ್ ಸಿಂಚನ ಬಾಗ್ಲಾಕ್ಕಂಡು ಒಳಗೆ ಕುಂತದೆ. ಗ್ವಾಡೆ ಮ್ಯಾಲಿದ್ದೋರು ಇಳಿದು ಬಂದವ್ರೆ ಅಂತದೆ" ಎಂದವರು, ಮೇಡಂ ಕಡೆ ತಿರುಗಿ ಒಂದು ಗಳಿಗೆ ನೋಡಿ, "ನೀರು ಕುಡೀತಾವ್ರಲ್ಲ, ಮನುಷ್ಯರೇ ಕಣವ್ವ" ಎಂದು ಸಮಾಧಾನಪಟ್ಟುಕೊಂಡರು. ಮೇಡಂ ಎದ್ದು ಗೋಡೆಯ ಹತ್ತಿರ ಹೋದರು. ಹಣೆಯ ಕುಂಕುಮ, ಹೂವಿನ ಸರ, ಕೆಳಗೆ ಉದುರಿದ ಊದುಬತ್ತಿಯ ಬೂದಿ ಎಲ್ಲವನ್ನೂ ನಿಧಾನವಾಗಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ. ಹೂವು ಸ್ವಲ್ಪ ಬಾಡಿದೆ ಅಷ್ಟೆ" ಎಂದರು. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಒಳಗಿಳಿದು ಮೇಲಿನಿಂದ ಮುಚ್ಚಿಕೊಳ್ಳುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ ಸಿಂಚನಳ ನೆನಪಾಯಿತು. ಬರೆಯುವವರು ಸತ್ತವರೆಂದು ಮೊದಲು ಅಂದುಕೊಂಡಿದ್ದಳು, ಈಗ ಅವರು ಎದ್ದೂ ಬರುತ್ತಾರೆಂದು ಕಲಿಸಿಬಿಟ್ಟೆನಲ್ಲ.

ಆದರೆ ಬಿಡುವವಳಲ್ಲ ನಾನು. "ಬನ್ನಿ ಮೇಡಂ, ಅವರ ಮನೆಗೇ ಹೋಗೋಣ" ಎಂದೆ. ಬಂದರು, ಪುಣ್ಯಾತ್ಮರು. ಪುಟ್ಟತಾಯಮ್ಮನ ಮನೆಯ ಜಗಲಿಯ ಮೇಲೆ ಕೂತು, ಚೀಲದಿಂದ ಸೀಮೆಸುಣ್ಣ ತೆಗೆದು ಎಮ್ಮೆ ಬಿಡಿಸತೊಡಗಿದರು. ಸಿಂಚನ ಕಿಟಕಿಯ ಸರಳಿಗೆ ಮೂಗೊತ್ತಿ ನೋಡುತ್ತಿದ್ದಳು. ಮೇಡಂ ಮೂರು ಕಾಲು ಬರೆದು ಸೀಮೆಸುಣ್ಣ ಕೆಳಗಿಟ್ಟರು. ಸ್ವಲ್ಪ ಹೊತ್ತು ತಡೆದ ಹುಡುಗಿಗೆ ಆಮೇಲೆ ತಡೆಯಲಾಗಲಿಲ್ಲ. ಅಗುಳಿ ತೆಗೆದು ಬಂದು, ಬಗ್ಗಿ, ನಾಲ್ಕನೇ ಕಾಲು ಬರೆದಳು. ಬರೆದು ಮೇಡಂ ತೋಳನ್ನು ಒಂದೇ ಬೆರಳಿನಿಂದ ಮುಟ್ಟಿ, ಬೀದಿಯಲ್ಲಿ ನಿಂತಿದ್ದ ಉಳಿದ ಎಮ್ಮೆಗಳಿಗೆ, "ಬೆಚ್ಚಗವ್ರೆ ಕಣ್ರೋ" ಎಂದು ವರದಿ ಮಾಡಿದಳು. ಅಷ್ಟು ಸಂತೋಷ ನನಗೆ ಈ ಕೆಲಸ ಸಿಕ್ಕಿದ ದಿನವೂ ಆಗಿರಲಿಲ್ಲ.

"ಎಮ್ಮೆ ಯಾಕೆ ಕೆರೆಗೆ ಇಳೀಲಿಲ್ಲ?" ಎಂದು ಸಿಂಚನ ಮೇಡಂರನ್ನು ಕೇಳಿದಳು.

"ನಂಗೂ ಗೊತ್ತಾಗಲಿಲ್ಲ ಕಣಮ್ಮ. ನೀನೇ ಬರೆದು ಹೇಳು" ಎಂದರು ಮೇಡಂ.

ಮುಂದಿನ ವಾರ ಸಿಂಚನ ಮದುವೆ ಕಾಗದಗಳನ್ನು ಹೊಲಿದು ಮಾಡಿದ ಪುಸ್ತಕವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ, "ಬರೆದವರು ಸಿಂಚನ. ಬದುಕವ್ರೆ" ಎಂದಿತ್ತು. ಒಳಗೆ ಕೆರೆಯಿದೆ, ಎಮ್ಮೆಯಿದೆ. ಎಮ್ಮೆಗೂ ಕೆರೆಗೂ ನಡುವೆ ಕನ್ನಡಕದ ಹೆಂಗಸೊಬ್ಬಳು ಒಂದು ಕೈಯಲ್ಲಿ ಊದುಬತ್ತಿ, ಇನ್ನೊಂದು ಕೈಯಲ್ಲಿ ಚೆಂಡು ಹೂವಿನ ಸರ ಹಿಡಿದು ನಿಂತಿದ್ದಾಳೆ. ಎಮ್ಮೆ ಯಾಕೆ ಕೆರೆಗಿಳಿಯಲಿಲ್ಲ ಎಂದು ಈಗ ಊರಿಗೆಲ್ಲ ತಿಳಿದಿದೆ.

ಪುಸ್ತಕಕ್ಕೆ ನಂಬರು ಹಾಕಿ, ಮೊಹರು ಒತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಮೇಡಂ ಫೋಟೋ ಗೋಡೆಯಿಂದಿಳಿದು ನನ್ನ ಮೇಜಿಗೆ ಬಂದಿದೆ. ಶುಕ್ರವಾರದ ಪದ್ಧತಿಯನ್ನು ಮಾತ್ರ ನಾನು ಬಿಟ್ಟಿಲ್ಲ. ಹೂವಿನ ಸರ ಹಿಡಿದು ಎದ್ದು ನಿಂತರೆ, ಓದುತ್ತ ಕೂತ ಮಕ್ಕಳು ಪುಸ್ತಕದ ಸಮೇತ ಒಂದಿಷ್ಟು ಹಿಂದಕ್ಕೆ ಸರಿದು ಕೂರುತ್ತಾರೆ.