ನೆಟ್‌ವರ್ಕ್ ಕಾರ್ಡಿನ ಹಲ್ಲಿಗೆ ಸ್ವೀಕೃತಿ ಚೀಟಿ ಅಂಟಿಸುವುದನ್ನು ನಿಲ್ಲಿಸಿರುವ ಬಗ್ಗೆ

ಹಳೆ ಕಡತಗಳ ಶಾಖೆ
ಸಂಖ್ಯೆ: ಹಕಶಾ/ಕಾರ್ಡ್/೧ (ಇದರ ಹಿಂದೆ ಯಾವುದೂ ಇಲ್ಲ, ಮುಂದೆಯೂ ಬೇಡ)

ವಿಷಯ: ಶಾಖೆಯ ಹಳೆಯ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ನೆಟ್‌ವರ್ಕ್ ಕಾರ್ಡ್ ಕೂರಿಸುವಾಗ ಸಿಬ್ಬಂದಿ ಪಾಲಿಸಬೇಕಾದ ಶಿಸ್ತು.

ಉಲ್ಲೇಖ:
೧. ಹೊಸ ಕಾರ್ಡ್ ತರಿಸಿಕೊಡುವಂತೆ ಬೆರಳಚ್ಚುಗಾರ್ತಿಯವರ ಮೌಖಿಕ ಕೋರಿಕೆ, ಸೋಮವಾರ ಬೆಳಿಗ್ಗೆ.
೨. ಅದಕ್ಕೆ ಅಧೀಕ್ಷಕರ ಮೌಖಿಕ ಉತ್ತರ, ಅದೇ ದಿನ. ಪಕ್ಕದ ಶಾಖೆಯವರಿಗೂ ಕೇಳಿಸಿದೆ.
೩. ಬೆರಳಚ್ಚುಗಾರ್ತಿಯವರ ಲಿಖಿತ ಕೋರಿಕೆ, ಮಂಗಳವಾರ.

ಪ್ರಸ್ತಾವನೆ:

ಶಾಖೆಯ ಲ್ಯಾಪ್‌ಟಾಪಿಗೆ ಹನ್ನೊಂದು ವರ್ಷ ವಯಸ್ಸಾಗಿದ್ದು, ಅದರ ನೆಟ್‌ವರ್ಕ್ ಕಾರ್ಡ್ ತೀರಿಕೊಂಡು ಎರಡು ವರ್ಷವಾಗಿದೆ. ಇನ್ನೊಂದು ಕಂಪ್ಯೂಟರ್ ಸಾಹೇಬರ ಕೋಣೆಯಲ್ಲಿದೆ. ಕೋಣೆಗೆ ಬೀಗವಿದೆ. ಬೀಗದ ಕೈ ಸಾಹೇಬರ ಜೊತೆ ರಜೆಯ ಮೇಲಿದೆ.

ವರ್ಗಾವಣೆ ಕೋರುವವರು ಶುಕ್ರವಾರ ಸಂಜೆ ಐದರೊಳಗೆ, ತಮ್ಮ ಶಾಖೆಯ ಕಂಪ್ಯೂಟರಿನಿಂದಲೇ ಅರ್ಜಿ ಕಳಿಸತಕ್ಕದ್ದು ಎಂದು ಮೇಲಿನಿಂದ ಆದೇಶ ಬಂದಿತ್ತು. ಬೆರಳಚ್ಚುಗಾರ್ತಿಯವರ ಗಂಡ ಮತ್ತು ಮಗಳು ಮೂರು ವರ್ಷದಿಂದ ಬೇರೆ ಊರಿನಲ್ಲಿದ್ದಾರೆ. ಎರಡನೇ ತರಗತಿಯ ಆ ಮಗು ತನ್ನ ಟೀಚರಿಗೆ "ನಮ್ಮಮ್ಮ ಶನಿವಾರದ ಅಮ್ಮ" ಎಂದು ಹೇಳಿರುವುದನ್ನು ಲಿಖಿತ ಕೋರಿಕೆಯ ಕೊನೆಯ ಸಾಲಿನಲ್ಲಿ ನಮೂದಿಸಲಾಗಿತ್ತು.

ಅಧೀಕ್ಷಕರದು ಕಾಗೆ ಕಾಲು ಗುಬ್ಬಿ ಕಾಲಿನ ಕೈಬರಹ. ಶಾಖೆಯಲ್ಲಿ ಅದನ್ನು ಓದಬಲ್ಲವರು ಬೆರಳಚ್ಚುಗಾರ್ತಿಯವರೊಬ್ಬರೇ. ತಾವೇ ನಿನ್ನೆ ಬರೆದದ್ದೇನೆಂದು ಅಧೀಕ್ಷಕರೂ ಅವರನ್ನೇ ಕೇಳುತ್ತಾರೆ. ಸೋಮವಾರದ ಕೂಗಾಟಕ್ಕೆ ಕಾರಣ ಇದೇ ಹೊರತು ಕಾರ್ಡ್ ಅಲ್ಲವೆಂದು ಸಿಬ್ಬಂದಿ ಆಡಿಕೊಂಡದ್ದು ಗಮನಕ್ಕೆ ಬಂದಿದೆ. ಆಡಿಕೊಂಡವರು ಯಾರೆಂಬುದೂ ಬಂದಿದೆ.

ಏನೇ ಇರಲಿ, ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಕಾರ್ಡ್ ಬಂತು. ಅಂದು ನಡೆದದ್ದು ಮತ್ತೆ ನಡೆಯದಿರಲೆಂದು ಕೆಳಕಂಡಂತೆ ಸೂಚಿಸಲಾಗಿದೆ:

೧. ಲ್ಯಾಪ್‌ಟಾಪನ್ನು ಬಿಚ್ಚುವ ಮುನ್ನ ವಿದ್ಯುತ್ ತಂತಿ ಕೀಳತಕ್ಕದ್ದು, ಬ್ಯಾಟರಿ ತೆಗೆಯತಕ್ಕದ್ದು. ಅದರ ಬೆನ್ನಿಗೆ ಗುದ್ದತಕ್ಕದ್ದಲ್ಲ. ಗುದ್ದಿದರೆ ಸರಿಹೋಗುವ ಕಾಲ ಹಳೆಯ ರೇಡಿಯೋದ ಜೊತೆಗೇ ಮುಗಿಯಿತೆಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

೨. ಬಿಚ್ಚುವ ಕೆಲಸವನ್ನು ರವಾನೆ ಗುಮಾಸ್ತರಿಗೆ ವಹಿಸಲಾಗಿತ್ತು. ತಮ್ಮ ಕನ್ನಡಕದ ಕಡ್ಡಿಯನ್ನು ತಾವೇ ಬಿಗಿದುಕೊಳ್ಳುವುದೇ ಅವರ ಅರ್ಹತೆ. ಅವರು ಹದಿಮೂರು ಸ್ಕ್ರೂ ಬಿಚ್ಚಿ, ಬಿಳಿ ಹಾಳೆಯ ಮೇಲೆ ಹದಿಮೂರು ವೃತ್ತ ಬರೆದು, ಒಂದೊಂದರಲ್ಲಿ ಒಂದೊಂದನ್ನು ಇಟ್ಟರು. ಆಮೇಲೆ ಸೀನಿದರು. ವೃತ್ತಗಳು ಉಳಿದವು. ಆದ್ದರಿಂದ ಮುಚ್ಚಳ ತೆರೆದಿರುವಾಗ ಸೀನಬೇಕಾದವರು ಮೊದಲೇ ಅನುಮತಿ ಪಡೆದು, ಕಿಟಕಿಯ ಕಡೆ ಮುಖ ಮಾಡಿ ಸೀನತಕ್ಕದ್ದು. ಅಧೀಕ್ಷಕರು ಮೇಜಿನ ಕೆಳಗೆ ಅಂಬೆಗಾಲಿಟ್ಟು ಸ್ಕ್ರೂ ಹುಡುಕಿದ್ದನ್ನು ಯಾರೂ ನೋಡಿಲ್ಲವೆಂದು ಭಾವಿಸತಕ್ಕದ್ದು.

೩. ಶಾಖೆಯೊಳಗೆ ಬರುವ ಪ್ರತಿಯೊಂದಕ್ಕೂ ಸ್ವೀಕೃತಿ ಸಂಖ್ಯೆ ಹಾಕಿ ಚೀಟಿ ಅಂಟಿಸುವುದು ಇಲ್ಲಿನ ಪದ್ಧತಿ. ಕುರ್ಚಿ, ಫ್ಯಾನು, ಮೂಲೆಯ ಕುಡಿಯುವ ನೀರಿನ ಕೊಡ, ಎಲ್ಲಕ್ಕೂ ಇದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಾರ್ಡಿಗೂ ಬೇಕೆಂದು ಅಧೀಕ್ಷಕರು ಪಟ್ಟು ಹಿಡಿದರು. "ಒಳಗೆ ಬಂದ ಮೇಲೆ ಆನೆಗಾದ್ರೂ ನಂಬರ್ ಹಾಕ್ಲೇಬೇಕು ಕಣ್ರೀ!" ಎಂದರು. "ಆನೆ ಆದ್ರೆ ಜಾಗ ಇರುತ್ತೆ ಸಾರ್" ಎಂದು ರವಾನೆ ಗುಮಾಸ್ತರು ಹೇಳಿದ್ದನ್ನು ಉದ್ಧಟತನವೆಂದು ದಾಖಲಿಸಲಾಗಿದೆ. ಕೊನೆಗೆ ೪೧೨ನೇ ಸಂಖ್ಯೆಯ ಚೀಟಿಯನ್ನು ಅಧೀಕ್ಷಕರು ಸ್ವಹಸ್ತದಿಂದ ಕತ್ತರಿಸಿ, ಗೋಂದು ಹಚ್ಚಿ, ಜಾಗವಿದ್ದಲ್ಲಿ ಅಂಟಿಸಿದರು.

೪. ಕಾರ್ಡನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಕೆಳಗೆ ಒತ್ತಿ, ಕರಿ ಬಿಳಿ ಎರಡು ಸಣ್ಣ ತಂತಿಗಳನ್ನು ಅದರ ತಲೆಗೆ ಸಿಕ್ಕಿಸತಕ್ಕದ್ದು. ಹಾಗೆಯೇ ಮಾಡಲಾಯಿತು. ಮೂರು ಗಂಟೆಗೆ ಲ್ಯಾಪ್‌ಟಾಪ್ ಎದ್ದು, ತನ್ನೊಳಗೆ ಯಾವ ಕಾರ್ಡೂ ಇಲ್ಲವೆಂದು ತಿಳಿಸಿತು. ಮೂರೂಮುಕ್ಕಾಲಿಗೂ ಅದನ್ನೇ ತಿಳಿಸಿತು. ಈ ಹಂತದಲ್ಲಿ ಕಾರ್ಡ್ ತಯಾರಿಸಿದವರ ಏಳು ತಲೆಮಾರನ್ನು ಬೈಯತಕ್ಕದ್ದಲ್ಲ. ಮೂರು ತಲೆಮಾರಿಗೆ ನಿಲ್ಲಿಸತಕ್ಕದ್ದು.

೫. ನಾಲ್ಕೂ ಹತ್ತಕ್ಕೆ ಬೆರಳಚ್ಚುಗಾರ್ತಿಯವರು ಕಾರ್ಡನ್ನು ಹೊರತೆಗೆದು ನೋಡಿ, "ಸಾರ್, ಅದರ ಹಲ್ಲಿನ ಮೇಲೇ ಚೀಟಿ ಅಂಟಿಸಿದ್ದೀರಲ್ಲ, ಅದು ಹೇಗೆ ಕಚ್ಚುತ್ತೆ?" ಎಂದರು. ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಗೆರೆಗಳೇ ಅದರ ಹಲ್ಲುಗಳೆಂದೂ, ಲ್ಯಾಪ್‌ಟಾಪನ್ನು ಅದು ಹಿಡಿದುಕೊಳ್ಳುವುದು ಅವುಗಳಿಂದಲೇ ಎಂದೂ ಆಗ ತಿಳಿದುಬಂತು. ಒಮ್ಮೆ ಹಾಕಿದ ಸಂಖ್ಯೆಯನ್ನು ಅಧೀಕ್ಷಕರು ಇಪ್ಪತ್ತಾರು ವರ್ಷದ ಸೇವೆಯಲ್ಲಿ ತೆಗೆದವರಲ್ಲ. ಬೆರಳಚ್ಚುಗಾರ್ತಿಯವರು ಗಡಿಯಾರ ನೋಡಿದರು, ಆಮೇಲೆ ಅಧೀಕ್ಷಕರನ್ನು ನೋಡಿದರು. "ಕೊಡಿ ಇಲ್ಲಿ, ಹಾಗೆ ನೋಡ್ಬೇಡಿ" ಎಂದು ಅಧೀಕ್ಷಕರು ಕಾರ್ಡನ್ನು ಕಿತ್ತುಕೊಂಡು, ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಉಳಿದ ಗೋಂದನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು. ಇಂಥ ಅಳಿಸುವಿಕೆಗೆ ಅಧೀಕ್ಷಕರಿಗೆ ಮಾತ್ರ, ಶುಕ್ರವಾರ ಮಾತ್ರ, ಬೇರೆ ದಾರಿಯಿಲ್ಲದಾಗ ಮಾತ್ರ ಅವಕಾಶವಿದೆ.

೬. ಕಾರ್ಡ್ ಕಚ್ಚಿತು. ಆದರೆ ನೆಟ್‌ವರ್ಕ್ ಸಿಕ್ಕಿದ್ದು ಕಿಟಕಿಯ ಬಳಿ ಮಾತ್ರ, ಅದೂ ಎದೆಮಟ್ಟದಲ್ಲಿ. ಅಲ್ಲಿ ಮೇಜು ಹಿಡಿಸುವುದಿಲ್ಲ. ಆದಕಾರಣ ಅಧೀಕ್ಷಕರು ಲ್ಯಾಪ್‌ಟಾಪನ್ನು ಎರಡೂ ಅಂಗೈ ಮೇಲೆ ತಟ್ಟೆಯಂತೆ ಹಿಡಿದು ಹದಿನಾಲ್ಕು ನಿಮಿಷ ನಿಂತರು. ಬೆರಳಚ್ಚುಗಾರ್ತಿಯವರು ನಿಂತೇ ಅರ್ಜಿ ತುಂಬಿದರು. "ಅಲ್ಲಾಡ್ಬೇಡಿ ಸಾರ್." "ನಾನಲ್ಲ, ಇದರ ಫ್ಯಾನು ಅಲ್ಲಾಡ್ತಿರೋದು!" ಸಂಜೆ ನಾಲ್ಕು ಐವತ್ತಮೂರಕ್ಕೆ 'ಅರ್ಜಿ ಸ್ವೀಕರಿಸಲಾಗಿದೆ' ಎಂಬ ಬರಹ, ಸಂಖ್ಯೆ ಸಮೇತ ಪರದೆಯ ಮೇಲೆ ಮೂಡಿತು. ಆ ಸಂಖ್ಯೆಯನ್ನು ಯಾವ ರಬ್ಬರಿನಿಂದಲೂ ಅಳಿಸತಕ್ಕದ್ದಲ್ಲ.

೭. ಮುಚ್ಚಳ ಹಾಕಿದ ಮೇಲೆ ಎರಡು ಸ್ಕ್ರೂ ಉಳಿದಿವೆ. ಅವು ಎಲ್ಲಿಯವೆಂದು ಲ್ಯಾಪ್‌ಟಾಪ್ ಕೇಳಿಲ್ಲ. ಆದ್ದರಿಂದ ಸಿಬ್ಬಂದಿಯೂ ಕೇಳತಕ್ಕದ್ದಲ್ಲ. ಅವಕ್ಕೆ ೪೧೨ನೇ ಸಂಖ್ಯೆ ಕೊಡಲಾಗಿದೆ, ಅದು ಹೇಗೂ ಖಾಲಿ ಇತ್ತು.

(ಸಹಿ, ಓದಲಾಗದು)
ಅಧೀಕ್ಷಕರು
ಹಳೆ ಕಡತಗಳ ಶಾಖೆ

ಪ್ರತಿಗಳು:
೧. ಸಾಹೇಬರಿಗೆ, ಅವರ ಕೋಣೆಯ ಬಾಗಿಲ ಸಂದಿಯ ಮೂಲಕ.
೨. ಪಕ್ಕದ ಶಾಖೆಗೆ. ಸೋಮವಾರ ಅರ್ಧ ಕೇಳಿಸಿಕೊಂಡಿದ್ದಾರೆ, ಉಳಿದದ್ದೂ ತಿಳಿಯಲಿ.
೩. ರವಾನೆ ಗುಮಾಸ್ತರಿಗೆ, ಒಂದು ಕರವಸ್ತ್ರದೊಂದಿಗೆ.
೪. ಲ್ಯಾಪ್‌ಟಾಪಿನ ಕಡತಕ್ಕೆ. ಲ್ಯಾಪ್‌ಟಾಪಿಗೆ ಅಂಟಿಸತಕ್ಕದ್ದಲ್ಲ.
೫. ಬೆರಳಚ್ಚುಗಾರ್ತಿಯವರಿಗೆ, ಅವರ ಹೊಸ ಶಾಖೆಯ ವಿಳಾಸಕ್ಕೆ. ಇಲ್ಲಿ ಯಾರಿಗೂ ಓದಲಾಗದ ಕಾರಣ ಅಧೀಕ್ಷಕರ ಕೈಬರಹದಲ್ಲಿರುವ ಈ ಸೂಚನೆಯ ಫೋಟೋವನ್ನೇ ಹೊಸ ಕಾರ್ಡಿನ ಮೂಲಕ ಕಳಿಸಲಾಗಿದೆ. ದಯವಿಟ್ಟು ಬೆರಳಚ್ಚು ಮಾಡಿ ಹಿಂದಿರುಗಿಸುವುದು. ಅವಸರವಿಲ್ಲ. ಶನಿವಾರ ಬೇಡ.