ಸೊಸೆಯ ಸೇವೆಯೂ ಹಳೆಯ ಬಂಗುಡೆಯೂ

ಸೇವೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಮುಂಬೈ ಪಕ್ಕದ ನಮ್ಮ ಇಡೀ ಡೊಂಬಿವಲಿಯಲ್ಲೇ ಇಲ್ಲವೆಂದು ನಂಬಿದ್ದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ವಿದ್ಯೆ! ನ್ಯುಮೋನಿಯಾ ಆಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಅತ್ತೆ ಮನೆಗೆ ಬಂದಾಗ ಆ ವಿದ್ಯೆಯನ್ನೆಲ್ಲ ಅವರ ಮೇಲೆ ಪ್ರಯೋಗಿಸಿದೆ.

ಗಂಜಿ ಉಣಿಸಿದೆ. ತಲೆ ಬಾಚಿದೆ. ಅವರು ಕಾಲನ್ನು ನೆಲಕ್ಕಿಟ್ಟರೆ, ಓಡಿ ಹೋಗಿ ಎತ್ತಿ ಮತ್ತೆ ಮಂಚದ ಮೇಲಿಟ್ಟೆ! ಎದುರು ಮನೆಯ ಮರಾಠಿ ಹೆಂಗಸು ಜೋಶಿ ಕಾಕು ಹೊಗಳಿದ ಮೇಲಂತೂ ಇನ್ನೆರಡು ದಿಂಬು ಸೇರಿಸಿದೆ.

ಹನ್ನೆರಡನೆಯ ದಿನ ಅತ್ತೆ ಕರೆದರು. "ಸುಜಾತಾ, ಮೂಗು ತುರಿಸ್ತದೆ ಮಾರಾಯ್ತಿ."

ಹೋಗಿ ತುರಿಸಿದೆ.

ಅಂದೇ ಫಿಸಿಯೋಥೆರಪಿಸ್ಟ್ ಪಾಟೀಲರು ಬಂದರು, ಧಾರವಾಡ ಕಡೆಯವರು. "ಅಜ್ಜಿ, ಎದ್ದು ನಿಲ್ರಿ" ಎಂದರು. ತಕ್ಷಣ ನಾನು ಎದ್ದು ನಿಂತೆ!

"ಅಕ್ಕಾರ, ಪೇಶಂಟ್ ಯಾರು? ಆಸ್ಪತ್ರಿಯೊಳಗ ಎಂಟು ದಿನ ಮಲಗಿದ್ರು, ನೀವು ಹನ್ನೆರಡು ದಿನ ಮಲಗಿಸೀರಿ. ಈ ವಯಸ್ಸಿನಾಗ ಕಾಲಿನ ಶಕ್ತಿ ಹೋದ್ರ ತಿರುಗಿ ಬರೂದು ಕಷ್ಟ."

ಎರಡು ಮಹಡಿ ಇಳಿದು ಒಬ್ಬರೇ ಮಾರ್ಕೆಟ್ಟಿಗೆ ಹೋಗುತ್ತಿದ್ದ ಅತ್ತೆಯನ್ನು ನಾನೇ ಮಂಚಕ್ಕೆ ಕಟ್ಟಿಹಾಕಿದ್ದೆ! ವಾಕರ್ ಹಿಡಿದು ದಿನಕ್ಕೆ ಹತ್ತು ಹೆಜ್ಜೆಯೆಂದು ಪಾಟೀಲರು ಹೇಳಿ ಹೋದರು. ಆದರೆ ಸುಖದ ರುಚಿ ಹತ್ತಿದ ಅತ್ತೆ, "ನಾಳೆ ನೋಡುವ" ಎಂದು ಮಗ್ಗುಲು ಬದಲಿಸಿದರು. ಮೂರು ದಿನವೂ ಅದೇ ನಾಳೆ.

ಭಾನುವಾರ ಮೀನಿನವಳು ಬಾಗಿಲಿಗೆ ಬಂದಳು. ಮೀನು ಆರಿಸುವುದು ಯಾವಾಗಲೂ ಅತ್ತೆಯ ಇಲಾಖೆ. ಅಂದು ನಾನೇ ಅಧಿಕಾರ ವಹಿಸಿಕೊಂಡು ಬಂಗುಡೆ ಆರಿಸಿದೆ.

ಒಳಗಿನಿಂದ ಪ್ರಶ್ನೆ ಬಂತು. "ಕಣ್ಣು ಹೇಗುಂಟು?"

"ಒಳ್ಳೇ ಕೆಂಪಗಿದೆ ಅತ್ತೆ!"

"ಕಣ್ಣು ಕೆಂಪಾ? ಕೆಂಪಿರಬೇಕಾದ್ದು ಕಿವಿರು! ಅದು ಹೇಗುಂಟು?"

"ಕಂದು ಬಣ್ಣ. ನನ್ನ ರೇಷ್ಮೆ ಸೀರೆಯ ಅಂಚಿನ ಹಾಗೆ."

ಮಂಚ ಕಿರುಗುಟ್ಟಿತು. ಆಮೇಲೆ ಟಕ್, ಟಕ್, ಟಕ್. ವಾಕರ್ ಸಮೇತ ಅತ್ತೆ ಬಾಗಿಲಲ್ಲಿ! ಹಿಡಿಯಲು ಓಡಿದೆ. "ದೂರ ನಿಲ್ಲು!" ಎಂದವರೇ ಒಂದು ಕೈಯಿಂದ ಬಂಗುಡೆಯ ಕಿವಿರೆತ್ತಿ, "ಇದು ನಾನು ಆಸ್ಪತ್ರೆಗೆ ಹೋದ ದಿನ ಸತ್ತದ್ದು!" ಎಂದು ತೀರ್ಪು ಕೊಟ್ಟರು.

"ಆಜೀ ಆಲ್ಯಾ!" ಅಜ್ಜಿ ಬಂದರೆಂದು ಮರಾಠಿಯಲ್ಲಿ ಕೂಗಿ ಮೀನಿನವಳು ನಕ್ಕು, ಬುಟ್ಟಿಯ ತಳದಿಂದ ತಾಜಾ ಮೀನು ತೆಗೆದಳು.

ಮರುದಿನ ಪಾಟೀಲರು ಬಂದರೆ ಅತ್ತೆ ಅಡುಗೆಮನೆಯಲ್ಲಿ ನಿಂತಿದ್ದರು. "ಯಾವ ವ್ಯಾಯಾಮ ಮಾಡಿದ್ರಿ ಅಜ್ಜಿ?"

"ಎಂತದೂ ಇಲ್ಲ. ಇವಳು ಮೀನು ತೆಗೊಳ್ಳಲಿಕ್ಕೆ ಹೋದಳು."

ಪಾಟೀಲರು ಗಂಭೀರವಾಗಿ ನನ್ನತ್ತ ತಿರುಗಿದರು. "ಅಕ್ಕಾರ, ವಾರಕ್ಕ ಮೂರು ಸಲ ಹೋಗ್ರಿ. ದಯವಿಟ್ಟು ಮೀನು ಆರಿಸೂದು ಮಾತ್ರ ಕಲೀಬ್ಯಾಡ್ರಿ."

ಆ ಭಯ ಅವರಿಗೆ ಬೇಡ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಕಲಿತಿಲ್ಲ!