ಕುಂಕುಮದಡಿಯ ಫೋಲಿಯೊ ನಂಬರು

ಮನುಷ್ಯರ ವಿವರಗಳನ್ನು ಕಂಪ್ಯೂಟರಿನ ಚೌಕದೊಳಗೆ ಕೂರಿಸಲು ಹೊರಟವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಬಿ.ಎಸ್ಸಿ. ಮುಗಿಸಿ ಹಾಸನದ ಷೇರು ಏಜೆಂಟರೊಬ್ಬರ ಆಫೀಸಿಗೆ ಸೇರಿದಾಗ ನನಗೆ ಸಿಕ್ಕಿದ್ದು ಅದೇ ಕೆಲಸ. ತೊಂಬತ್ತರ ದಶಕದ ಕೊನೆ. ಯಜಮಾನರು ಹೊಸ ಸಾಫ್ಟ್‌ವೇರ್ ತಂದಿದ್ದರು. ಗಿರಾಕಿಗಳು ವರ್ಷಗಟ್ಟಲೆ ಜೋಪಾನ ಮಾಡಿದ ಷೇರುಗಳನ್ನೆಲ್ಲ ಅದಕ್ಕೆ ತುಂಬಬೇಕು. ಕಂಪನಿಯ ಹೆಸರು, ಷೇರುದಾರನ ಖಾತೆಗೆ ಕಂಪನಿ ಕೊಟ್ಟ ಫೋಲಿಯೊ ನಂಬರು, ಕೊಂಡ ದಿನಾಂಕ. ಒಂದು ಚೌಕ ಖಾಲಿ ಬಿಟ್ಟರೂ ಅದು ಮುಂದಕ್ಕೆ ಹೋಗುತ್ತಿರಲಿಲ್ಲ.

೧. ಕೊಂಡ ದಿನಾಂಕ

ಮೊದಲು ಬಂದವರು ಅರಕಲಗೂಡಿನ ಕಡೆಯ ರೈತರೊಬ್ಬರು.

"ಷೇರು ಯಾವತ್ತು ತಗೊಂಡ್ರಿ ಗೌಡ್ರೇ?"

"ಒಗೆಸೊಪ್ಪಿಗೆ ಒಳ್ಳೆ ರೇಟ್ ಬಂದಿತ್ತಲ್ಲ, ಆ ವರ್ಸ ಕಣಪ್ಪ."

"ತಾರೀಕು ಬೇಕು."

"ನಮ್ ಕೆಂದಸ ಕರ ಆಕ್ತಲ್ಲ, ಅದ್ರ ಮಾರ್ನೇ ದಿನ."

"ಹಸು ಯಾವತ್ತು ಕರು ಹಾಕ್ತು?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಷೇರ್ ತಗೊಂಡ ಮುಂಚಿನ್ ದಿನ! ಇಷ್ಟ್ ಓದಿದ್ದೀಯ, ಅಷ್ಟೂ ಗೊತ್ತಾಗಕಿಲ್ವಾ?"

೨. ಕೆಂಪು, ಹಸಿರು

ಬೆಲೆ ಇಳಿದ ಷೇರನ್ನು ಸಾಫ್ಟ್‌ವೇರ್ ಕೆಂಪಿನಲ್ಲಿ ತೋರಿಸುತ್ತಿತ್ತು, ಏರಿದ್ದನ್ನು ಹಸಿರಿನಲ್ಲಿ. ಚನ್ನರಾಯಪಟ್ಟಣದ ಅರ್ಚಕರೊಬ್ಬರ ಪಟ್ಟಿಯಲ್ಲಿ ಎಲ್ಲವೂ ಕೆಂಪು. ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದಾಗ ಅವರೇ ಕೈಮುಗಿದರು. "ಎಲ್ಲ ಕುಂಕುಮದ ಬಣ್ಣ! ಏನು ಲಕ್ಷ್ಮೀಕಳೆ!"

ಮರುವರ್ಷ ಮಾರುಕಟ್ಟೆ ಏರಿತು. ಅವರು ಪರದೆ ನೋಡಿ ಸಪ್ಪಗಾದರು. "ಎಲ್ಲ ಹಸಿರಾಗಿಬಿಟ್ಟಿದೆಯಲ್ಲಪ್ಪ. ಏನಾದರೂ ಶಾಂತಿ ಮಾಡಿಸಬೇಕೇ?"

೩. ಬೊಟ್ಟು

ಹೊಳೆನರಸೀಪುರದ ನಿವೃತ್ತ ಗಣಿತದ ಮೇಷ್ಟ್ರು ಮನೆಗೇ ಕರೆಸಿಕೊಂಡರು. ಮುಂದಿನ ವಾರ ಅವರಿಗೆ ಹೃದಯದ ಆಪರೇಷನ್.

"ಅಷ್ಟರೊಳಗೆ ಎಲ್ಲ ಒಂದು ಕಾಗದದಲ್ಲಿ ಬರಬೇಕಪ್ಪ. ಇವಳಿಗೆ ಇದೊಂದೂ ಗೊತ್ತಿಲ್ಲ. ನನಗೇನಾದರೂ ಆದರೆ ಒದ್ದಾಡ್ತಾಳೆ."

ಮೇಷ್ಟ್ರ ಹೆಂಡತಿ, ನಾನು ಅಮ್ಮ ಎಂದು ಕರೆದವರು, ದೇವರಮನೆಯಿಂದ ಏಳು ಷೇರು ಪತ್ರ ತಂದಿಟ್ಟರು. ಹನ್ನೆರಡು ವರ್ಷದ ದೀಪಾವಳಿ ಲಕ್ಷ್ಮೀಪೂಜೆಯ ಅರಿಶಿನ ಕುಂಕುಮ ಏಳರಲ್ಲೂ ಸರಿಯಾಗಿ ಫೋಲಿಯೊ ನಂಬರಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಕಂಪನಿಗಳಿಗೆ ಬರೆದರೆ ಉತ್ತರಕ್ಕೆ ತಿಂಗಳುಗಳು ಬೇಕು.

ಮೇಷ್ಟ್ರು ರೇಗಿದರು. "ಬೊಟ್ಟು ಮೂಲೆಗಿಡು ಅಂತ ಎಷ್ಟು ಸಲ ಹೇಳಿದ್ದೆ!"

"ಮೂಲೆಗಿಟ್ಟರೆ ಲಕ್ಷ್ಮಿ ಮೂಲೇಲೇ ಕೂರ್ತಾಳೆ, ಅಷ್ಟೆ," ಎಂದರು ಅಮ್ಮ.

೪. ಅರ್ಚನೆ

ನಾನು ಚೀಲ ಎತ್ತಿಕೊಂಡೆ. ಅಮ್ಮ ತಡೆದರು. "ನಂಬರು ತಾನೇ ಬೇಕಾಗಿರೋದು? ಬರ್ಕೊಳಪ್ಪ." ಕಣ್ಣು ಮುಚ್ಚಿದರು. "ಎಸ್ ಸೊನ್ನೆ ನಾಲ್ಕು ಏಳು ಎರಡು ಒಂದು ನಮಃ. ಬಿ ಒಂಬತ್ತು ಒಂಬತ್ತು ಮೂರು ಆರು ನಮಃ..."

ಏಳೂ ಬಂದವು. ಟಾರ್ಚಿನ ಬೆಳಕಿಗೆ ಪತ್ರ ಹಿಡಿದರೆ ಕುಂಕುಮದಡಿ ಅಲ್ಲೊಂದು ಇಲ್ಲೊಂದು ಅಂಕಿ ಕಾಣುತ್ತಿತ್ತು. ಒಂದೂ ತಪ್ಪಿರಲಿಲ್ಲ.

"ಇದೇನೇ ಇದು?" ಎಂದರು ಮೇಷ್ಟ್ರು.

"ಮೊದಲನೇ ದೀಪಾವಳಿಗೇ ನಾಮಾವಳಿ ಪುಸ್ತಕ ಇಲಿ ತಿಂದಿತ್ತಲ್ಲ, ಆಗ ನಿಮ್ಮನ್ನ ಕೇಳಿದ್ದೆ, ಅರ್ಚನೆಗೆ ಏನು ಹೇಳಲಿ ಅಂತ. ಪೇಪರಿಂದ ತಲೆ ಎತ್ತದೆ ಹೇಳಿದ್ರಿ, 'ಅದರ ಮೇಲೆ ಏನು ಬರೆದಿದೆಯೋ ಅದನ್ನೇ ಹೇಳು' ಅಂತ."

ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಮೂವತ್ತು ವರ್ಷ ಪಾಠ ಮಾಡಿದೆ. ಒಬ್ಬನೂ ಮಗ್ಗಿ ಹೀಗೆ ಕಲೀಲಿಲ್ಲ." ಅಂದು ಆ ಮುಖದಲ್ಲಿ ಆಪರೇಷನ್ನಿನ ಭಯ ಮತ್ತೆ ಕಾಣಲಿಲ್ಲ.

ಮೂರು ತಿಂಗಳಾದ ಮೇಲೆ ಆಫೀಸಿನ ಕಂಪ್ಯೂಟರ್ ಕೆಟ್ಟಿತು. ಕ್ರಮಬದ್ಧವಾಗಿ ನಾನು ಪ್ರತಿ ಇಟ್ಟಿದ್ದ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಹೊಳೆನರಸೀಪುರಕ್ಕೆ ಫೋನ್ ಮಾಡಿದೆ. ಎತ್ತಿದವರು ಮೇಷ್ಟ್ರೇ. ಆಪರೇಷನ್ ಆದ ಮೇಲೆ ದನಿ ಇನ್ನೂ ಜೋರಾಗಿತ್ತು.

"ಅರ್ಧ ಗಂಟೆ ತಾಳಪ್ಪ. ನೀನು ಕೊಟ್ಟ ಕಾಗದದ ಮೇಲೂ ಕುಂಕುಮ ಕೂತಿದೆ. ಇವಳದಿನ್ನೂ ಸ್ನಾನ ಆಗಿಲ್ಲ. ಮೈಲಿಗೇಲಿ ಫೋಲಿಯೊ ನಂಬರು ಹೇಳಲ್ವಂತೆ!"